ಗಾಲಿಕುರ್ಚಿ ಗುರುತಿನ ಜಾಗದಲ್ಲಿ ದಂಡ ಹಾಕುವವರು ಯಾರು?

ಕಾನೂನು ಪ್ರಶ್ನೋತ್ತರಕ್ಕೆ ಈ ಸಲ ಬಂದ ಪತ್ರಗಳ ಪೈಕಿ ಮೂರು, ಅಂಗವಿಕಲರಿಗೆ ಮೀಸಲಾದ ವಾಹನ ನಿಲುಗಡೆ ಜಾಗ ಮತ್ತು ಖಾಸಗಿಯವರು ವಸೂಲು ಮಾಡುವ ದಂಡಕ್ಕೆ ಸಂಬಂಧಿಸಿವೆ. ಅವನ್ನು ಒಟ್ಟಿಗೆ ಉತ್ತರಿಸಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಡಲಾಗಿದೆ.

ಪ್ರಶ್ನೆ: ಬಾಲ್ಯದಲ್ಲಿ ಪೋಲಿಯೊ ತಗುಲಿ ನನ್ನ ಎಡಗಾಲಿಗೆ ಬಲವಿಲ್ಲ. ಹಿಂದೆ ಎರಡು ಹೆಚ್ಚುವರಿ ಗಾಲಿ ಜೋಡಿಸಿದ ಸ್ಕೂಟರಿನಲ್ಲಿ ಓಡಾಡುತ್ತೇನೆ. ಕಳೆದ ತಿಂಗಳು ಪತ್ನಿಯ ತಪಾಸಣೆಗೆಂದು ಕಾರವಾರದ ಒಂದು ಖಾಸಗಿ ಆಸ್ಪತ್ರೆಗೆ ಹೋದಾಗ, ಗಾಲಿಕುರ್ಚಿಯ ಚಿತ್ರ ಬಿಡಿಸಿದ್ದ ಜಾಗದಲ್ಲಿ ಖಾಲಿ ಆಮ್ಲಜನಕ ಸಿಲಿಂಡರುಗಳೂ ಸಿಬ್ಬಂದಿಯ ಬೈಕುಗಳೂ ಇದ್ದವು. ಬೇರೆ ದಾರಿ ಕಾಣದೆ ಬಾಗಿಲ ಪಕ್ಕದ ಗೋಡೆಗೆ ಒತ್ತಿ ಸ್ಕೂಟರ್ ನಿಲ್ಲಿಸಿದೆ. ಮರಳಿ ಬಂದಾಗ ಪಾರ್ಕಿಂಗ್ ಗುತ್ತಿಗೆಯ ಹುಡುಗ ಮುಂದಿನ ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಜಡಿದಿದ್ದ. 500 ರೂಪಾಯಿ ಕೊಟ್ಟ ಮೇಲೆಯೇ ಬಿಟ್ಟ. ರಸೀದಿಯಲ್ಲಿ ‘ನೋ ಪಾರ್ಕಿಂಗ್ ಫೈನ್’ ಎಂದಿದೆ. ಆಸ್ಪತ್ರೆಯವರನ್ನು ಕೇಳಿದರೆ ‘ಅದು ಗುತ್ತಿಗೆದಾರರ ವಿಷಯ’ ಎನ್ನುತ್ತಾರೆ. ಹಣ ಮರಳಿ ಸಿಗುವುದೇ?
— ಓದುಗರು, ಸದಾಶಿವಗಡ

ಉತ್ತರ: ದಂಡ ವಿಧಿಸುವ ಅಧಿಕಾರ ಶಾಸನದಿಂದ ಬರಬೇಕೇ ಹೊರತು ರಸೀದಿ ಪುಸ್ತಕ ಅಚ್ಚು ಹಾಕಿಸಿದ ಮಾತ್ರಕ್ಕೆ ಯಾರಿಗೂ ಬರುವುದಿಲ್ಲ. ರಸ್ತೆಯಲ್ಲಿ ತಪ್ಪಾಗಿ ನಿಲ್ಲಿಸಿದ ವಾಹನಕ್ಕೆ ಪೊಲೀಸರು ಮೋಟಾರು ವಾಹನ ಕಾಯ್ದೆ, 1988ರ ಅಡಿಯಲ್ಲಿ ದಂಡ ಹಾಕಬಹುದು. ಖಾಸಗಿ ಆವರಣದ ಗುತ್ತಿಗೆದಾರನಿಗೆ ಆ ಅಧಿಕಾರವಿಲ್ಲ. ಆತ ಹೆಚ್ಚೆಂದರೆ ಒಪ್ಪಂದದ ಮಾತಾಡಬಹುದು: ಒಳಗೆ ಬರುವಾಗಲೇ ಕಾಣುವಂತೆ ಫಲಕ ಹಾಕಿದ್ದೇನೆ, ಷರತ್ತು ಒಪ್ಪಿಯೇ ನೀವು ಬಂದಿರಿ, ಅದನ್ನು ಮುರಿದಿದ್ದರಿಂದ ಇಷ್ಟು ಕೊಡಿ ಎಂದು. ಫಲಕ ಇಲ್ಲದಿದ್ದರೆ ಅಥವಾ ಗಿಡದ ಮರೆಯಲ್ಲಿದ್ದರೆ ಆ ವಾದ ಅಲ್ಲಿಗೇ ಬಿತ್ತು.

ಫಲಕ ಇತ್ತೆಂದೇ ಇಟ್ಟುಕೊಳ್ಳೋಣ. ಆಗಲೂ ಭಾರತೀಯ ಕರಾರು ಕಾಯ್ದೆ, 1872ರ 74ನೇ ಕಲಮು ಅಡ್ಡ ಬರುತ್ತದೆ. ಒಪ್ಪಂದದಲ್ಲಿ ಎಷ್ಟೇ ಮೊತ್ತ ಬರೆದಿದ್ದರೂ ಅದು ಗರಿಷ್ಠ ಮಿತಿ ಮಾತ್ರ. ಅದರೊಳಗೆ ಸಮಂಜಸವಾದ ಪರಿಹಾರವಷ್ಟೇ ಸಲ್ಲುತ್ತದೆ. ನಷ್ಟವೇ ಆಗದಿರುವಲ್ಲಿ ಪರಿಹಾರ ಕೇಳುವಂತಿಲ್ಲವೆಂದು ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಸ್ಪಷ್ಟಪಡಿಸಿದೆ. ಗೋಡೆ ಪಕ್ಕ ಅರ್ಧ ತಾಸು ನಿಂತ ಸ್ಕೂಟರಿನಿಂದ ಗುತ್ತಿಗೆದಾರನಿಗೆ 500 ರೂಪಾಯಿಯ ನಷ್ಟ ಹೇಗಾಯಿತೆಂದು ಆತನೇ ಹೇಳಬೇಕಾಗುತ್ತದೆ. ಇನ್ನು ಚಕ್ರಕ್ಕೆ ಬೀಗ ಹಾಕಿ, ಹಣ ಕೊಡುವ ತನಕ ವಾಹನ ಹಿಡಿದಿಡುವ ಹಕ್ಕಂತೂ ಖಾಸಗಿಯವರಿಗೆ ಇಲ್ಲವೇ ಇಲ್ಲ. ಇನ್ನೊಮ್ಮೆ ಹೀಗಾದರೆ ಹುಡುಗನ ಸಂಗಡ ಜಗಳಕ್ಕೆ ನಿಲ್ಲದೆ 112ಕ್ಕೆ ಕರೆ ಮಾಡಿರಿ. ಆತ ದಿನಗೂಲಿಗೆ ನಿಂತವನು, ರಸೀದಿ ಹರಿದುಕೊಡುವುದಷ್ಟೇ ಅವನ ಕೆಲಸ.

ನಿಮ್ಮ ಪತ್ರದಲ್ಲಿ ದುರ್ಬಲವಾದ ಒಂದು ಅಂಶವಿದೆ, ಅದನ್ನೂ ಹೇಳಿಬಿಡುತ್ತೇನೆ. ನೀವು ನಿಲ್ಲಿಸಿದ ಜಾಗ ಆಂಬುಲೆನ್ಸ್ ತಿರುಗುವ ದಾರಿಯಾಗಿದ್ದರೆ ಎದುರು ಪಕ್ಷದವರು ಅದನ್ನೇ ದೊಡ್ಡದು ಮಾಡುತ್ತಾರೆ. ಆದ್ದರಿಂದ ಬಾಗಿಲು, ಗೋಡೆ, ನಡುವಿನ ಅಂತರ ಮೂರೂ ಕಾಣುವಂತೆ ಫೋಟೊ ತೆಗೆದಿಡಿ. ಸಿಲಿಂಡರುಗಳ ಫೋಟೊ ಇದ್ದರಂತೂ ನಿಮ್ಮ ಪ್ರಕರಣದ ಅರ್ಧ ಭಾರ ಅದೇ ಹೊರುತ್ತದೆ. ಇಲ್ಲದಿದ್ದರೆ ಮತ್ತೊಂದು ದಿನ ಹೋಗಿ ನೋಡಿ, ಅವು ಅಲ್ಲೇ ಇರುವ ಸಂಭವವೇ ಹೆಚ್ಚು.

‘ಗುತ್ತಿಗೆದಾರರ ವಿಷಯ’ ಎಂಬ ಆಸ್ಪತ್ರೆಯ ಉತ್ತರ ನಿಲ್ಲುವಂಥದಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 2ನೇ ಕಲಮಿನ ಪ್ರಕಾರ ‘ಸಾರ್ವಜನಿಕ ಕಟ್ಟಡ’ವೆಂದರೆ ಸರ್ಕಾರಿ ಕಟ್ಟಡ ಮಾತ್ರವಲ್ಲ, ಚಿಕಿತ್ಸೆ, ವ್ಯಾಪಾರ, ಪೂಜೆ, ಮನರಂಜನೆ ಮೊದಲಾದವುಗಳಿಗಾಗಿ ಜನ ಬಂದುಹೋಗುವ ಖಾಸಗಿ ಕಟ್ಟಡವೂ ಅದರಲ್ಲಿ ಸೇರಿದೆ. ಇಂಥ ಹಳೆಯ ಕಟ್ಟಡಗಳನ್ನೆಲ್ಲ ನಿಯಮಗಳು ಬಂದ ಐದು ವರ್ಷಗಳೊಳಗೆ ಸುಗಮಗೊಳಿಸಬೇಕೆಂದು 45ನೇ ಕಲಮು ಹೇಳಿದೆ. ನಿಯಮಗಳು 2017ರ ಜೂನ್‌ನಲ್ಲಿ ಬಂದವು, ಅವಧಿ 2022ರ ಜೂನ್‌ಗೆ ಮುಗಿದೇಹೋಗಿದೆ. ಜಾಗ ಹೇಗಿರಬೇಕೆಂಬುದಕ್ಕೂ ಲೆಕ್ಕವಿದೆ: ಕಟ್ಟಡದ ಬಾಗಿಲಿನಿಂದ 30 ಮೀಟರಿನೊಳಗೆ, ಕನಿಷ್ಠ 3.6 ಮೀಟರು ಅಗಲ. ಒಂದು ಕಾರಿಗೆ ಎರಡೂವರೆ ಮೀಟರು ಸಾಕಾಗುವಾಗ ಮತ್ತೇಕೆ ಇಷ್ಟು ಎಂದು ಕೇಳುವವರಿದ್ದಾರೆ. ಬಾಗಿಲನ್ನು ಪೂರ್ತಿ ತೆರೆದು, ಪಕ್ಕದಲ್ಲಿ ಗಾಲಿಕುರ್ಚಿ ಇಟ್ಟು, ಸೀಟಿನಿಂದ ಅದಕ್ಕೆ ಸರಿಯಲು ಬೇಕಾಗುವುದೇ ಆ ಹೆಚ್ಚಿನ ಜಾಗ. ಹೆಚ್ಚುವರಿ ಗಾಲಿಯ ಸ್ಕೂಟರಿನಿಂದ ಊರುಗೋಲು ಹಿಡಿದು ಇಳಿಯುವುದಕ್ಕೂ ಅಷ್ಟು ಬೇಕೆಂಬುದು ನಿಮಗೆ ಗೊತ್ತಿರುವ ಸಂಗತಿ. ನಮ್ಮ ಕಡೆ ಒಂದು ಮಳೆಗಾಲ ಕಳೆಯಿತೆಂದರೆ ನೆಲದ ಮೇಲಿನ ಬಣ್ಣ ಪಾಚಿಯಡಿ ಸೇರಿ ಗುರುತೇ ಮಾಯವಾಗುತ್ತದೆ. ಕಂಬದ ಮೇಲೆ ಫಲಕವೂ ಇರಬೇಕೆಂದು ಅರ್ಜಿಯಲ್ಲಿ ಒತ್ತಿ ಬರೆಯಿರಿ.

ಈ ಮಾನದಂಡಗಳೆಲ್ಲ ಸಲಹೆ ಮಾತ್ರ ಎಂದು ವಾದಿಸುವವರಿಗೆ ಸುಪ್ರೀಂ ಕೋರ್ಟು ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಉತ್ತರ ಕೊಟ್ಟಿದೆ. ಸುಗಮತೆಯ ಮಾನದಂಡಗಳನ್ನು ಬರೀ ಮಾರ್ಗಸೂಚಿಯಾಗಿ ಇಟ್ಟಿದ್ದ 15(1)ನೇ ನಿಯಮ ಮೂಲ ಕಾಯ್ದೆಗೇ ವಿರುದ್ಧವೆಂದು ಹೇಳಿದ ನ್ಯಾಯಾಲಯ, ಕಡ್ಡಾಯ ನಿಯಮಗಳನ್ನು ರೂಪಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಕಾಯ್ದೆ ಉಲ್ಲಂಘಿಸಿದವರಿಗೆ 89ನೇ ಕಲಮಿನಲ್ಲಿ ಮೊದಲ ಸಲ 10,000 ರೂಪಾಯಿಯವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ. ಇದು ಮಾತ್ರ ನಿಜವಾದ ದಂಡ.

ಈಗ ನಿಮ್ಮ 500 ರೂಪಾಯಿಯ ಮಾತು. ಮೊದಲು ಆಸ್ಪತ್ರೆಯ ಆಡಳಿತಕ್ಕೆ ರಸೀದಿಯ ಪ್ರತಿ ಲಗತ್ತಿಸಿ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ, ಹದಿನೈದು ದಿನ ಕೊಡಿ. ಎಷ್ಟೋ ಸಲ ಅಷ್ಟಕ್ಕೇ ಹಣ ಬಂದುಬಿಡುತ್ತದೆ. ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಬಹುದು. ಅದಕ್ಕೂ ಜಗ್ಗದಿದ್ದರೆ ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗವಿದೆ: ಘಟನೆಯಾದ ಎರಡು ವರ್ಷಗಳೊಳಗೆ ಹೋಗಬೇಕು, 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ. ಚಿಕಿತ್ಸೆಗೆ ಹಣ ಕೊಟ್ಟಿರುವುದರಿಂದ ನೀವು ಆಸ್ಪತ್ರೆಯ ಗ್ರಾಹಕರೇ. ಆದರೂ ನನ್ನ ಅಭಿಪ್ರಾಯ ಕೇಳಿದರೆ, ಬರೀ 500 ರೂಪಾಯಿಗಾಗಿ ತಾರೀಖಿನ ಮೇಲೆ ತಾರೀಖು ಕಾಳಿ ಸೇತುವೆ ದಾಟುತ್ತ ಅಲೆಯುವುದಕ್ಕಿಂತ, ಆ ಜಾಗವನ್ನೇ ಬಿಡಿಸಿಕೊಳ್ಳುವ ದಾರಿ ಮೇಲು. ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ಕನ್ನಡದಲ್ಲೇ, ಸಾದಾ ಕಾಗದದಲ್ಲೇ ದೂರು ಬರೆಯಬಹುದು. ವಿಚಾರಣೆಯಲ್ಲಿ ಅವರಿಗೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಹಣದ ವಿಷಯವನ್ನೂ ಅದೇ ದೂರಿನಲ್ಲಿ ಸೇರಿಸಿ. ಅರ್ಜಿ ಬರೆಯಲು ನಿಮ್ಮ ಪಂಚಾಯಿತಿಯ ವಿ.ಆರ್.ಡಬ್ಲ್ಯು., ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಿರಿ. ಒಂದು ಪ್ರತಿ ಜಿಲ್ಲಾ ವಿಕಲಚೇತನರ ಇಲಾಖೆಗೂ ಇನ್ನೊಂದು ನಗರಸಭೆಗೂ ಹೋಗಲಿ.

ಪ್ರಶ್ನೆ: ಶಿರಸಿಯಲ್ಲಿರುವ ನಮ್ಮ ವಾಣಿಜ್ಯ ಸಂಕೀರ್ಣದ ಮಳಿಗೆದಾರರ ಸಂಘಕ್ಕೆ ನಾನು ಕಾರ್ಯದರ್ಶಿ. ಪರವಾನಗಿಯಂತೆ ಅಂಗವಿಕಲರಿಗಾಗಿ ಎರಡು ಜಾಗ ಬಿಟ್ಟಿದ್ದೇವೆ. ಆದರೆ ಅಲ್ಲಿ ಕಂಡಕಂಡವರು ಕಾರು ನಿಲ್ಲಿಸಿ ಸಂತೆಗೆ ಹೋಗುತ್ತಾರೆ. 1,000 ರೂಪಾಯಿ ದಂಡದ ಫಲಕ ಹಾಕೋಣವೆಂದು ಕೆಲವರು, ಟಯರಿನ ಗಾಳಿ ತೆಗೆಯೋಣವೆಂದು ಇನ್ನು ಕೆಲವರು ಹೇಳುತ್ತಾರೆ. ಈಚೆಗೆ ಒಬ್ಬ ತರುಣ ಅಲ್ಲಿ ಕಾರು ನಿಲ್ಲಿಸಿ ನೆಟ್ಟಗೆ ನಡೆದುಹೋದದ್ದನ್ನು ಕಂಡು ಕಾವಲುಗಾರ ನಾಲ್ಕು ಜನರೆದುರು ಬೈದ. ಆತನಿಗೆ ಹಿಮೋಫಿಲಿಯಾ ಇದೆಯೆಂದು ಆಮೇಲೆ ತಿಳಿಯಿತು. ಯಾರು ಅರ್ಹರೆಂದು ನಾವು ತಿಳಿಯುವುದು ಹೇಗೆ?
— ಓದುಗರು, ಶಿರಸಿ

ಉತ್ತರ: ಗಾಳಿ ತೆಗೆಯುವ ಯೋಚನೆಯನ್ನು ಇಂದೇ ಕೈಬಿಡಿ. ಅದಕ್ಕೆ ಸಂಘದವರ ಮೇಲೆಯೇ ಕ್ರಿಮಿನಲ್ ದೂರು ಬೀಳಬಹುದು. 1,000 ರೂಪಾಯಿಯ ಫಲಕದ ವಿಷಯದಲ್ಲಿ ಮೇಲೆ ಸದಾಶಿವಗಡದವರಿಗೆ ಹೇಳಿದ್ದೇ ನಿಮಗೂ ಅನ್ವಯಿಸುತ್ತದೆ, ಈ ಸಲ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ನೀವಿದ್ದೀರಿ ಅಷ್ಟೇ. ಮಾರಿಕಾಂಬಾ ಜಾತ್ರೆಯ ಸಮಯದಲ್ಲಿ ಖಾಲಿ ನಿವೇಶನದವರು ವಾಹನಕ್ಕೆ ಇಷ್ಟೆಂದು ತೆಗೆದುಕೊಳ್ಳುತ್ತಾರಲ್ಲ, ಅದು ಮೊದಲೇ ಹೇಳಿ ಪಡೆಯುವ ಬಾಡಿಗೆ, ತಕರಾರಿಲ್ಲ. ನೀವೂ ನಿಲುಗಡೆಗೆ ಶುಲ್ಕವಿಡಬಹುದೇ ಎಂಬುದು ಕಟ್ಟಡದ ಪರವಾನಗಿಯ ಷರತ್ತನ್ನು ನೋಡಿ ಹೇಳಬೇಕಾದ ಮಾತು. ದಂಡವನ್ನಂತೂ ಬಲವಂತದಿಂದ ವಸೂಲು ಮಾಡುವಂತಿಲ್ಲ. ಕೋನ್ ಇಟ್ಟು, ಕಾವಲುಗಾರನ ಕುರ್ಚಿಯನ್ನು ಆ ಎರಡು ಜಾಗಗಳ ಪಕ್ಕಕ್ಕೇ ಹಾಕಿ. ಬೇಕಾದವರು ಬಂದಾಗ ಆತ ಎದ್ದು ಕೋನ್ ಸರಿಸಲಿ. ಕೇಳಲು ಸಣ್ಣ ಉಪಾಯವೆನಿಸಿದರೂ ಫಲಕಕ್ಕಿಂತ ಇದು ಚೆನ್ನಾಗಿ ನಡೆಯುತ್ತದೆ. ಮಳಿಗೆದಾರರೂ ಅವರ ಸಿಬ್ಬಂದಿಯೂ ಅಲ್ಲಿ ವಾಹನ ನಿಲ್ಲಿಸಬಾರದೆಂದು ಸಂಘದ ಠರಾವನ್ನೂ ಮಾಡಿ, ಏಕೆಂದರೆ ಇಂಥ ಜಾಗಗಳಲ್ಲಿ ದಿನವಿಡೀ ನಿಲ್ಲುವ ವಾಹನಗಳು ಬಹುಪಾಲು ಒಳಗಿನವರದೇ ಆಗಿರುತ್ತವೆ.

ಅರ್ಹತೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. 2016ರ ಕಾಯ್ದೆಯ ಅನುಸೂಚಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಹಿಮೋಫಿಲಿಯಾ, ಮಲ್ಟಿಪಲ್ ಸ್ಕ್ಲಿರೋಸಿಸ್, ಪಾರ್ಕಿನ್ಸನ್, ಸಿಕಲ್ ಸೆಲ್ ಕಾಯಿಲೆ ಇವೆಲ್ಲ ಅದರಲ್ಲಿವೆ, ಇವುಗಳಲ್ಲಿ ಎಷ್ಟೋ ಹೊರಗಿನ ಕಣ್ಣಿಗೆ ಬೀಳುವುದಿಲ್ಲ. ಹಿಮೋಫಿಲಿಯಾದಲ್ಲಿ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಮಂಡಿಯೊಳಗೆ ರಕ್ತ ಜಿನುಗಿ ಕೀಲು ಬಾತುಕೊಳ್ಳುತ್ತದೆ. ಬೆಳಿಗ್ಗೆ ನೆಟ್ಟಗೆ ನಡೆದವನಿಗೆ ಸಂಜೆ ಮೆಟ್ಟಿಲಿಳಿಯಲು ಆಗದೇ ಹೋಗಬಹುದು. ನಡಿಗೆ ನೋಡಿ ತೀರ್ಪು ಕೊಡುವ ಕೆಲಸ ಕಾವಲುಗಾರನದಲ್ಲ.

ಕೆಲವು ದೇಶಗಳಲ್ಲಿರುವಂತೆ ನಿಲುಗಡೆಗೆಂದೇ ಪ್ರತ್ಯೇಕ ಬಿಲ್ಲೆ ಕೊಡುವ ರಾಷ್ಟ್ರವ್ಯಾಪಿ ವ್ಯವಸ್ಥೆ ನಮ್ಮಲ್ಲಿಲ್ಲ. ಗಾಜಿಗೆ ಅಂಟಿಸುವ ಗಾಲಿಕುರ್ಚಿ ಸ್ಟಿಕ್ಕರನ್ನು ಯಾರು ಬೇಕಾದರೂ ಕೊಳ್ಳಬಹುದಾದ್ದರಿಂದ ಅದು ಪುರಾವೆಯಾಗದು. ಕೈಯಲ್ಲಿರುವ ಭದ್ರ ದಾಖಲೆ, ಅಂಗವಿಕಲರಿಗೆ ಸರ್ಕಾರ ಕೊಡುವ ಯು.ಡಿ.ಐ.ಡಿ. ಗುರುತಿನ ಕಾರ್ಡು: ಶೇಕಡಾ 40ಕ್ಕಿಂತ ಕಡಿಮೆ ವೈಕಲ್ಯವಿರುವವರಿಗೆ ಬಿಳಿ, 40ರಿಂದ 80ರೊಳಗಿನವರಿಗೆ ಹಳದಿ, 80 ಮತ್ತು ಮೇಲಿನವರಿಗೆ ನೀಲಿ ಪಟ್ಟಿಯಿರುತ್ತದೆ. ಅನುಮಾನ ಬಂದರೆ ‘ಸರ್, ಕಾರ್ಡು ಇದೆಯೇ?’ ಎಂದು ತಗ್ಗಿದ ದನಿಯಲ್ಲಿ ಕೇಳುವುದಷ್ಟೇ ಕಾವಲುಗಾರನಿಗೆ ಸಲ್ಲುತ್ತದೆ. ಶೇಕಡಾವಾರು ನೋಡಿ ಬಿಡುವ ಕಟ್ಟಳೆ ಮಾಡಬೇಡಿ, ಯಾವ ಬಣ್ಣದ ಕಾರ್ಡಿದ್ದರೂ ಸಾಕು. ಚಾಲಕ ಆರೋಗ್ಯವಂತನಿದ್ದು, ಹಿಂದಿನ ಸೀಟಿನಲ್ಲಿ ನಡೆಯಲಾಗದ ಅಜ್ಜಿ ಕುಳಿತಿದ್ದರೆ ಆ ಕಾರಿಗೂ ಜಾಗ ಸಿಗಬೇಕು.

ಇನ್ನು ಬೈದ ವಿಷಯ. ಸಾರ್ವಜನಿಕರೆದುರು ಅಂಗವಿಕಲ ವ್ಯಕ್ತಿಯನ್ನು ಅವಮಾನಿಸುವ ಉದ್ದೇಶದಿಂದಲೇ ನಿಂದಿಸಿದರೆ ಅದೇ 2016ರ ಕಾಯ್ದೆಯ 92ನೇ ಕಲಮಿನಡಿ ಆರು ತಿಂಗಳಿನಿಂದ ಐದು ವರ್ಷದವರೆಗೆ ಸೆರೆವಾಸವಿದೆ. ತಿಳಿಯದೆ ಬೈದದ್ದು ಆ ಮಟ್ಟಕ್ಕೆ ಹೋಗದಿರಬಹುದು, ಆದರೆ ಪೊಲೀಸು ದೂರು ಬಂದ ಮೇಲೆ ಉದ್ದೇಶವನ್ನು ವಿವರಿಸುತ್ತ ಕೂರುವುದು ಸಂಘಕ್ಕೆ ಹಿತವಲ್ಲ. ಆ ತರುಣನ ಮನೆಗೆ ಹೋಗಿ ಕ್ಷಮೆ ಕೇಳಿ ಬನ್ನಿ. ಕಾವಲುಗಾರನೊಬ್ಬನನ್ನೇ ಕಳಿಸಬೇಡಿ, ಪದಾಧಿಕಾರಿಗಳೇ ಹೋಗಿ.

ಪ್ರಶ್ನೆ: ಮಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾನೆ. ಅಲ್ಲೇ ನೆಲೆಸಿರುವ ಅವನ ಅತ್ತೆಗೆ, ಅಂಗವಿಕಲರ ವಾಹನ ನಿಲುಗಡೆಗೆಂದು ಅಲ್ಲಿ ಕೊಡುವ ‘ಬ್ಲೂ ಬ್ಯಾಡ್ಜ್’ ಇದೆ. ಅವರನ್ನು ಕರೆದುಕೊಂಡು ಸೂಪರ್ ಮಾರ್ಕೆಟ್ಟಿಗೆ ಹೋದಾಗ ಅಂಗವಿಕಲರ ಜಾಗದಲ್ಲಿ ಕಾರು ನಿಲ್ಲಿಸಿದ್ದರೂ, ಸಮಯ ಮೀರಿತೆಂದು 100 ಪೌಂಡಿನ ನೋಟಿಸು ಮನೆಗೆ ಬಂದಿದೆ. ಇದು ಪೊಲೀಸ್ ಕೇಸಾಗುವುದೇ ಎಂದು ನಮಗೆ ಚಿಂತೆ.
— ಓದುಗರು, ಅಂಕೋಲಾ

ಉತ್ತರ: ಆಗುವುದಿಲ್ಲ. ಅಲ್ಲಿ ಸ್ಥಳೀಯ ಕೌನ್ಸಿಲ್ ಕೊಡುವ ದಂಡದ ನೋಟಿಸನ್ನೂ ಖಾಸಗಿ ಕಂಪನಿ ಕಳಿಸುವ ನೋಟಿಸನ್ನೂ ಪಿ.ಸಿ.ಎನ್. ಎಂದೇ ಕರೆಯುವುದರಿಂದ ಗಾಬರಿಯಾಗುತ್ತದೆ. ಖಾಸಗಿಯವರದು ಬರೀ ಒಪ್ಪಂದದ ಬೇಡಿಕೆ. ಹಾಗೆಂದು ಹಗುರವಾಗಿ ಕಾಣುವಂತೆಯೂ ಇಲ್ಲ. 2015ರ ಬೀವಿಸ್ ಪ್ರಕರಣದಲ್ಲಿ, ಎರಡು ತಾಸಿನ ಉಚಿತ ಅವಧಿಯನ್ನು 56 ನಿಮಿಷ ಮೀರಿದವರಿಂದ ಕಂಪನಿಯೊಂದು 85 ಪೌಂಡು ಕೇಳಿದ್ದನ್ನು ಅಲ್ಲಿನ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ನಮ್ಮ ಕರಾರು ಕಾಯ್ದೆಯ 74ನೇ ಕಲಮಿನ ದೃಷ್ಟಿಗೂ ಅವರ ದೃಷ್ಟಿಗೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಬ್ಲೂ ಬ್ಯಾಡ್ಜಿನ ರಿಯಾಯಿತಿಗಳೂ ಖಾಸಗಿ ಜಾಗಕ್ಕೆ ತಾವಾಗಿ ಅನ್ವಯಿಸುವುದಿಲ್ಲ. ಆದರೆ ಅಂಗವಿಕಲರಿಗೆ ಸಮಂಜಸವಾದ ಹೊಂದಾಣಿಕೆ ಮಾಡಿಕೊಡಬೇಕೆಂದು ಅಲ್ಲಿನ ಸಮಾನತಾ ಕಾಯ್ದೆ, 2010 ಹೇಳುತ್ತದೆ. ನಿಧಾನವಾಗಿ ನಡೆಯುವವರಿಗೆ ಹೆಚ್ಚು ಸಮಯ ಬೇಕಾಗುವುದು ಅದರ ಸಹಜ ಉದಾಹರಣೆ.

ನಿಮ್ಮ ಮಗ ಬ್ಯಾಡ್ಜಿನ ಪ್ರತಿ ಮತ್ತು ಖರೀದಿಯ ಬಿಲ್ಲನ್ನು ಲಗತ್ತಿಸಿ, 28 ದಿನಗಳೊಳಗೆ ಕಂಪನಿಗೇ ಮೇಲ್ಮನವಿ ಕಳಿಸಲಿ. ಸೂಪರ್ ಮಾರ್ಕೆಟ್ಟಿನ ಮ್ಯಾನೇಜರಿಗೂ ಒಂದು ಮಾತು ಹೇಳಲಿ. ಅವರು ಮನಸ್ಸು ಮಾಡಿದರೆ ನೋಟಿಸು ರದ್ದು ಮಾಡಿಸಬಲ್ಲರು. ಕಂಪನಿ ಒಪ್ಪದಿದ್ದರೆ, ಅದು ಯಾವ ಸಂಘದ ಸದಸ್ಯತ್ವ ಪಡೆದಿದೆ ಎಂಬುದರ ಮೇಲೆ ಪಾಪ್ಲಾ ಅಥವಾ ಐ.ಎ.ಎಸ್. ಎಂಬ ಮೇಲ್ಮನವಿ ಸಂಸ್ಥೆಗೆ ಹೋಗಬಹುದು. ವಸೂಲಿ ಏಜೆನ್ಸಿಗಳ ಕೆಂಪು ಅಕ್ಷರದ ಪತ್ರಗಳಿಗೆ ಹೆದರಬೇಕಾಗಿಲ್ಲ. ಆದರೆ ಕೌಂಟಿ ಕೋರ್ಟಿನ ಮುದ್ರೆಯಿರುವ ಕಾಗದ ಬಂದರೆ ಅದನ್ನು ಕಪಾಟಿನಲ್ಲಿಡದೆ 14 ದಿನಗಳೊಳಗೆ ಉತ್ತರಿಸಬೇಕು. ಉತ್ತರಿಸದೆ ಏಕಪಕ್ಷೀಯ ತೀರ್ಪಾಗಿ, ಆ ಹಣವನ್ನೂ ಒಂದು ತಿಂಗಳೊಳಗೆ ಕಟ್ಟದಿದ್ದರೆ, ಅದು ಆರು ವರ್ಷ ದಾಖಲೆಯಲ್ಲಿ ಉಳಿದು ಮನೆಸಾಲಕ್ಕೆ ತೊಡಕಾಗುತ್ತದೆ.