ಮಕುಂಡುಚಿಯ ಬಾಳೆದಿಂಡಿನ ಜಗಳ: ನಿಜವೋ ನಾಟಕವೋ?

ಜುಲೈಯಲ್ಲಿ ಟಾಂಜಾನಿಯಾದ ಜಾಂಜಿಬಾರ್ ದ್ವೀಪಕ್ಕೆ ಹೋಗುತ್ತಿದ್ದೀರಿ, ಅಲ್ಲಿನ ಮಕುಂಡುಚಿ ಎಂಬ ಊರಿನಲ್ಲಿ ಗಂಡಸರು ಬಾಳೆದಿಂಡಿನಲ್ಲಿ ಬಡಿದಾಡುವುದು ನಿಜವಾದ ಜಗಳವಾ, ಹೊರಗಿನವರು ನೋಡಬಹುದಾ ಎಂದು ಕೇಳಿದ್ದೀರಿ.

ಅದು ಮ್ವಾಕಾ ಕೊಗ್ವಾ, ಅಲ್ಲಿನವರ ಹೊಸ ವರ್ಷ. ಏಟು ನಿಜವೇ, ಆದರೆ ದ್ವೇಷಕ್ಕಲ್ಲ. ಊರಿನ ಎರಡು ಕಡೆಯವರು ಎದುರುಬದುರು ನಿಂತು ಹಳೆ ವರ್ಷದ ಸಿಟ್ಟು, ಮುನಿಸು ಎಲ್ಲ ಅಲ್ಲೇ ತೀರಿಸಿಕೊಳ್ಳುತ್ತಾರೆ. ಬಾಳೆದಿಂಡು ಮೆತ್ತಗಿರುತ್ತದೆ, ಮೂಳೆ ಮುರಿಯುವ ಭಯ ಕಡಿಮೆ. ಹೆಂಗಸರು ಒಳ್ಳೆ ಬಟ್ಟೆ ಉಟ್ಟು, ಹಾಡುತ್ತಾ ಸುತ್ತುತ್ತಾರೆ. ಆಮೇಲೆ ತೆಂಗಿನ ಗರಿಯ ಗುಡಿಸಲಿಗೆ ಬೆಂಕಿ ಹಚ್ಚುತ್ತಾರೆ. ಹೊಗೆ ಯಾವ ಕಡೆ ಹೋಗುತ್ತದೆ ಎಂದು ನೋಡಿ ವರ್ಷದ ಭವಿಷ್ಯ ಹೇಳುತ್ತಾರೆ. ನನಗಂತೂ ಜಗಳಕ್ಕಿಂತ ಈ ಬೆಂಕಿಯೇ ಜಾಸ್ತಿ ಇಷ್ಟ.

ಇದರ ಮೂಲ ಪರ್ಷಿಯಾದ, ಅಂದರೆ ಈಗಿನ ಇರಾನಿನ, ಮಾರ್ಚ್‌ನಲ್ಲಿ ಬರುವ ಹೊಸ ವರ್ಷದ ಹಬ್ಬ ನೌರೋಜ್. ಮಕುಂಡುಚಿಯವರ ಈ ವರ್ಷಕ್ಕೆ ಸರಿಯಾಗಿ 365 ದಿನ, ಅಧಿಕ ದಿನ ಇಲ್ಲ. ಹಾಗಾಗಿ ನಾಲ್ಕು ವರ್ಷಕ್ಕೊಮ್ಮೆ ಹಬ್ಬ ಒಂದು ದಿನ ಹಿಂದೆ ಸರಿಯುತ್ತದೆ. ನಮ್ಮ ಪಾರ್ಸಿಗಳಲ್ಲಿ ಹೆಚ್ಚಿನವರ ಹೊಸ ವರ್ಷ ಮಾರ್ಚ್ ಬಿಟ್ಟು ಆಗಸ್ಟ್‌ನಲ್ಲಿ ಬರುವುದೂ ಇದೇ ಲೆಕ್ಕದಿಂದ. ಮಕುಂಡುಚಿಯಲ್ಲಿ ಈಗ ಜುಲೈ ಮೂರನೇ, ನಾಲ್ಕನೇ ವಾರದ ಹೊತ್ತಿಗೆ ಬೀಳುತ್ತದೆ. ದಿನಾಂಕವನ್ನು ನಿಮ್ಮ ಹೋಟೆಲಿನವರ ಹತ್ತಿರ ಕೇಳಿಕೊಳ್ಳಿ.

ಧೈರ್ಯವಾಗಿ ಹೋಗಿ. ಆ ದಿನ ಮನೆಗೆ ಅತಿಥಿ ಇಲ್ಲದಿದ್ದರೆ ಒಳ್ಳೆಯದಲ್ಲ ಎಂಬ ನಂಬಿಕೆ ಅಲ್ಲಿದೆ, ಊಟಕ್ಕೆ ಕರೆದರೆ ಬೇಡ ಅನ್ನಬೇಡಿ. ಮುಸ್ಲಿಮರ ಊರು, ಭುಜ-ಮೊಣಕಾಲು ಮುಚ್ಚುವ ಬಟ್ಟೆ ಹಾಕಿ. ಫೋಟೋ ತೆಗೆಯುವ ಮೊದಲು ಒಂದು ಮಾತು ಕೇಳಿ.