ಮಡಿಕೇರಿ ಮಳೆಗೆ ಕಿಂಡಲ್ಲೋ, ಪುಸ್ತಕವೋ?

ಮಡಿಕೇರಿಗೆ ವರ್ಗವಾಗಿದೆ, ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಸ್ಟು ಹಿಡಿಯುತ್ತದಂತೆ, ಎಲ್ಲ ಊರಲ್ಲೇ ಬಿಟ್ಟು ಕಿಂಡಲ್ (ಇ-ಪುಸ್ತಕ ಓದಲು ಅಮೆಜಾನ್ ಮಾರುವ ಸಾಧನ) ತಗೊಳ್ಳಲಾ ಅಂತ ಕೇಳಿದ್ದೀರಿ, ಅಲ್ವಾ? ಯಾವ ಭಾಷೆಯಲ್ಲಿ ಜಾಸ್ತಿ ಓದುತ್ತೀರಿ ಅನ್ನೋದರ ಮೇಲಿದೆ.

ಇಂಗ್ಲಿಷ್ ಆದರೆ ಕಣ್ಣು ಮುಚ್ಚಿ ತಗೊಳ್ಳಿ. ಅದರ ಇ-ಇಂಕ್ ಪರದೆಗೆ, ಅಂದರೆ ಕಾಗದದ ಹಾಗೆ ಕಾಣುವ ಪರದೆಗೆ, ಪುಟ ಬದಲಾಗುವಾಗ ಮಾತ್ರ ಕರೆಂಟು ಬೇಕು, ಒಂದು ಸಲ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ, ಹಾಗಾಗಿ ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋದರೂ ಓದು ನಿಲ್ಲುವುದಿಲ್ಲ.

ಕನ್ನಡ ಆದರೆ ಕಥೆ ಬೇರೆ. ನಮ್ಮ ಇ-ಪುಸ್ತಕಗಳು ಜಾಸ್ತಿ ಸಿಗುವುದು ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್ ಥರದ ಆ್ಯಪ್‌ಗಳಲ್ಲಿ. ಆ ಆ್ಯಪ್‌ಗಳು ಕಿಂಡಲ್ ರೀಡರಿನಲ್ಲಿ ನಡೆಯುವುದಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ಹಾಕಿಕೊಂಡರೆ 6 ಇಂಚಿನ ಪರದೆಯಲ್ಲಿ ಒತ್ತಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ, ಸುಮ್ನೆ ತಲೆನೋವು. ಆ ಆ್ಯಪ್ ಹಾಕಿಕೊಳ್ಳಬಹುದಾದ, ಆಂಡ್ರಾಯ್ಡ್ ಇರುವ ಇ-ರೀಡರ್ ಆದೀತು, ಜೇಬು ಗಟ್ಟಿ ಇದ್ದರೆ.

ಕನ್ನಡದ್ದು ಅಚ್ಚಿನ ಪುಸ್ತಕವೇ ತನ್ನಿ. ಕಪಾಟನ್ನು ಹೊರಗೋಡೆಗೆ ತಾಗಿಸಬೇಡಿ, ಒತ್ತೊತ್ತಾಗಿ ತುರುಕಬೇಡಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬೂಸ್ಟು ಬಂದರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ, ಬಿಸಿಲು ಬಿದ್ದ ದಿನ ಒಣಗಿಸಿ ಬ್ರಷ್‌ನಲ್ಲಿ ಕೊಡವಿ. ಬಿಸಿಲು ಯಾವಾಗ ಅಂತ ಮಾತ್ರ ನನ್ನನ್ನು ಕೇಳಬೇಡಿ.