ಮನೆಯ ಅರ್ಜಿ ಹೋಗಬೇಕು, ಹೊಸ ಕೆಲಸ ಬಂದಿದೆ: ಹೇಳಬೇಕಾ, ಮುಚ್ಚಿಡಬೇಕಾ?

ಪ್ರಶ್ನೆ: ನಾವು ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ 11 ವರ್ಷದಿಂದ ಬಾಡಿಗೆಗೆ ಇದ್ದೇವೆ. ಈಗ ಫಾರೆಸ್ಟ್ ಹಿಲ್ಸ್‌ನಲ್ಲಿ ಒಂದು ಕೋ-ಆಪ್ ಅಪಾರ್ಟ್‌ಮೆಂಟ್‌ಗೆ 4,80,000 ಡಾಲರ್‌ಗೆ ಕಾಂಟ್ರಾಕ್ಟ್ ಆಗಿದೆ. 48,000 ಡಾಲರ್ ಡೆಪಾಸಿಟ್ ಕೊಟ್ಟಿದ್ದೇವೆ. ಮುಂದಿನ ವಾರ ಆ ಕಟ್ಟಡದ ಬೋರ್ಡ್‌ಗೆ, ಅಂದರೆ ಮನೆ ಕೊಳ್ಳುವವರನ್ನು ಒಪ್ಪಬೇಕಾ ಬೇಡವಾ ಅಂತ ತೀರ್ಮಾನಿಸುವ ಸಮಿತಿಗೆ, ಅರ್ಜಿ ಹೋಗಬೇಕು. ಅಷ್ಟರಲ್ಲಿ ನನಗೆ ಬೇರೆ ಕಂಪನಿಯಿಂದ ಆಫರ್ ಬಂದಿದೆ. ಈಗಿನ ಮ್ಯಾನೇಜರ್ ಕಾಟ ತಡೆಯಲು ಆಗುತ್ತಿಲ್ಲ. ಭಾನುವಾರ ಸಂಜೆಯಾದರೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ನಮ್ಮ ಯಜಮಾನರು, "ಬೀಗದ ಕೈ ಸಿಗುವವರೆಗೂ ಬಾಯಿ ಬಿಡಬೇಡ, ಹಳೇ ಕಂಪನಿಯ ಲೆಟರ್ ಕೊಡು" ಅಂತಾರೆ. ದಿನಾ ಇದೇ ಜಗಳ. ಏನು ಮಾಡಲಿ?
ಹೆಸರು ಬೇಡ, ಕ್ವೀನ್ಸ್

ಉತ್ತರ: ಆ ಕೆಲಸ ಬಿಡಬೇಕು ಅನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲಮ್ಮ. ಮನೆಗೋಸ್ಕರ ಅಂತ ಆ ಕಾಟವನ್ನು ನುಂಗಿಕೊಂಡು ಕೂರಬೇಕಾಗಿಲ್ಲ. ಆದರೆ ಯಜಮಾನರು ಹೇಳುವ ದಾರಿ ಬೇಡ. ಅವರಿಗೆ ಡೆಪಾಸಿಟ್ ಹೋದರೆ ಅನ್ನುವ ಹೆದರಿಕೆ. ಆ ದುಡ್ಡಿಗೆ ಜಾಸ್ತಿ ಅಪಾಯ ಇರುವುದು ಮುಚ್ಚಿಡುವುದರಲ್ಲೇ ಅಂತ ಅವರಿಗೆ ತಿಳಿದ ಹಾಗಿಲ್ಲ.

ನಮ್ಮೂರಲ್ಲಿ ಗೃಹ ನಿರ್ಮಾಣ ಸಹಕಾರ ಸಂಘದಿಂದ ಸೈಟ್ ತಗೊಂಡರೆ ಅದು ನಮ್ಮ ಹೆಸರಿಗೆ ನೋಂದಣಿ ಆಗುತ್ತದೆ. ನ್ಯೂಯಾರ್ಕ್‌ನ ಕೋ-ಆಪ್ ಹಾಗಲ್ಲ. ಇಡೀ ಕಟ್ಟಡ ಒಂದು ಕಂಪನಿಯ ಆಸ್ತಿ. ನಿಮಗೆ ಬರುವುದು ಅದರ ಷೇರು ಮತ್ತು ಆ ಮನೆಯಲ್ಲಿ ಇರಲು ಹಕ್ಕು ಕೊಡುವ ಲೀಸ್. ಒಬ್ಬರು ಮೇಂಟೆನೆನ್ಸ್ ಕಟ್ಟದಿದ್ದರೆ ಹೊರೆ ಉಳಿದವರ ಮೇಲೆ ಬೀಳುತ್ತದೆ. ಅದಕ್ಕೇ ಬೋರ್ಡ್ ನಿಮ್ಮ ಟ್ಯಾಕ್ಸ್ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯ ಲೆಟರ್ ಎಲ್ಲವನ್ನೂ ಕೇಳುವುದು.

ಬೋರ್ಡ್ ತಾನಾಗಿ ಬೇಡ ಅಂದರೆ, ನಿಮ್ಮ ಕಡೆ ತಪ್ಪಿಲ್ಲದಿದ್ದರೆ, ಸಾಮಾನ್ಯವಾಗಿ ಡೆಪಾಸಿಟ್ ವಾಪಸ್ ಬರುತ್ತದೆ. ಸುಳ್ಳು ಮಾಹಿತಿ ಕೊಟ್ಟಿದ್ದು ಗೊತ್ತಾದರೆ ಮಾರುವವರು ಆ ದುಡ್ಡನ್ನು ಇಟ್ಟುಕೊಳ್ಳುತ್ತೇವೆ ಅನ್ನಬಹುದು. ಸಾಲ ಕೊಡುವ ಬ್ಯಾಂಕ್ ಬೇರೆ ಇದೆ. ಕ್ಲೋಸಿಂಗ್‌ಗೆ, ಅಂದರೆ ದುಡ್ಡು ಕೊಟ್ಟು ಮನೆ ಕೈಗೆ ಬರುವ ದಿನಕ್ಕೆ, ಕೆಲವೇ ದಿನ ಮುಂಚೆ ಅವರು ನಿಮ್ಮ ಆಫೀಸಿಗೆ ಫೋನ್ ಮಾಡಿ, ಇವರು ಇನ್ನೂ ಇಲ್ಲಿದ್ದಾರಾ ಅಂತ ಕೇಳುತ್ತಾರೆ. "ಹೋದ ವಾರ ಬಿಟ್ಟರು" ಅನ್ನುವ ಉತ್ತರ ಬಂದರೆ ಸಾಲ ಅಲ್ಲಿಗೇ ನಿಲ್ಲುತ್ತದೆ. ಸಾಲದ ಅರ್ಜಿಯಲ್ಲಿ ಗೊತ್ತಿದ್ದೂ ಸುಳ್ಳು ಬರೆಯುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ ಕೂಡ.

ನಾನೂ ಒಂದು ಸಲ ಇಂಥ ಬೋರ್ಡ್ ಮುಂದೆ ಕುಳಿತವಳು. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಮೆಷಿನ್‌ಗಳ ಪಕ್ಕದ ರೂಮು. ಮಡಚುವ ಮೇಜಿನ ಆಚೆ ಮೂರು ಜನ. ನನ್ನ ಅರ್ಜಿಯ ದಪ್ಪ ಕಟ್ಟಿನಲ್ಲಿ ಅಲ್ಲಲ್ಲಿ ಹಳದಿ ಚೀಟಿ ಅಂಟಿಸಿದ್ದರು. ಕೆಲಸ ಬದಲಿಸಿ ಆರು ವಾರ ಆಗಿತ್ತು. ಒಬ್ಬ ಅಜ್ಜಿ ಆ ಚೀಟಿಯ ಮೇಲೆ ಬೆರಳಿಟ್ಟು, "ಯಾಕೆ ಬಿಟ್ಟೆ?" ಅಂತ ಕೇಳಿದರು. ಇದ್ದದ್ದನ್ನು ಎರಡು ಮಾತಲ್ಲಿ ಹೇಳಿದೆ. ಅವರು ಪುಟ ತಿರುಗಿಸಿ, ಮನೆಯಲ್ಲಿ ನಾಯಿ ಇದೆಯಾ ಅಂತ ಕೇಳಿದರು. ಅಷ್ಟೇ.

ಈಗ ಲೆಕ್ಕ ನೋಡಿ. ಅನೇಕ ಬೋರ್ಡ್‌ಗಳು ಕಂತು, ಮೇಂಟೆನೆನ್ಸ್ ಮತ್ತು ಬೇರೆ ಸಾಲಗಳೆಲ್ಲ ಸೇರಿ ತೆರಿಗೆಗೆ ಮುಂಚಿನ ಆದಾಯದ ಶೇ 25ರಿಂದ 30 ದಾಟಬಾರದು ಅನ್ನುತ್ತವೆ. ನಿಮ್ಮಿಬ್ಬರ ಸಂಬಳ ಸೇರಿ ತಿಂಗಳಿಗೆ 12,500 ಡಾಲರ್ ಅಂದುಕೊಳ್ಳಿ. ಕಂತು 2,400, ಮೇಂಟೆನೆನ್ಸ್ 1,000 ಆದರೆ ಶೇ 27 ಆಯಿತು. ಹೊಸ ಕೆಲಸದಲ್ಲಿ ನಿಮ್ಮ ಮೂಲ ಸಂಬಳ ಈಗಿನಷ್ಟೇ ಇದ್ದರೆ ಅಥವಾ ಜಾಸ್ತಿ ಇದ್ದರೆ ಹೆದರಿಕೆ ಬೇಡ. ಮೂಲ ಸಂಬಳ ಕಡಿಮೆ, ಬೋನಸ್ ದೊಡ್ಡದು ಅಂತಾದರೆ ಕಷ್ಟ. ಇನ್ನೂ ಕೈಗೆ ಬಂದೇ ಇರದ ಬೋನಸ್ಸನ್ನು ಬ್ಯಾಂಕೂ ಬೋರ್ಡೂ ಲೆಕ್ಕಕ್ಕೆ ಹಿಡಿಯುವುದು ಅಪರೂಪ. ಸಂಬಳದ ಕೆಲಸ ಬಿಟ್ಟು ಕನ್ಸಲ್ಟೆಂಟ್ ಆಗುವ ಆಫರ್ ಆಗಿದ್ದರೆ ಮಾತ್ರ ಕ್ಲೋಸಿಂಗ್ ಮುಗಿಯುವವರೆಗೆ ಒಪ್ಪಿಕೊಳ್ಳಬೇಡಿ. ಎರಡು ವರ್ಷದ ಟ್ಯಾಕ್ಸ್ ರಿಟರ್ನ್ ಇಲ್ಲದೆ ಆ ಆದಾಯವನ್ನು ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಮೊದಲು ನಿಮ್ಮ ವಕೀಲರಿಗೆ ಫೋನ್ ಮಾಡಿ. ಸಾಲ ಸಿಗದಿದ್ದರೆ ಡೆಪಾಸಿಟ್ ವಾಪಸ್ ಅನ್ನುವ ಷರತ್ತು ಕಾಂಟ್ರಾಕ್ಟ್‌ನಲ್ಲಿ ಇದೆಯಾ, ಕೆಲಸ ಬದಲಿಸಿದರೂ ಅದು ನಿಮ್ಮನ್ನು ಕಾಯುತ್ತದಾ ಅಂತ ಕೇಳಿ. ಆಮೇಲೆ ಬ್ಯಾಂಕ್‌ನವರ ಹತ್ತಿರ ಮಾತಾಡಿ, ಆಫರ್ ಲೆಟರ್ ಸಾಕಾ, ಮೊದಲ ಸಂಬಳದ ಸ್ಲಿಪ್ ಬೇಕಾ ಅಂತ ತಿಳಿದುಕೊಳ್ಳಿ. ಸ್ಲಿಪ್ ಬೇಕು ಅಂದರೆ ಕ್ಲೋಸಿಂಗ್ ಒಂದು ತಿಂಗಳು ಮುಂದೆ ಹೋಗಬಹುದು. ಹಾಗಾಗಿ ಬೋರ್ಡ್ ಅರ್ಜಿಯನ್ನು ಎರಡು ವಾರ ತಡೆದು, ಹೊಸ ಕಂಪನಿಯ ಲೆಟರ್ ಜೊತೆಗೇ ಕಳಿಸಲು ಆಗುತ್ತದಾ ಅಂತ ವಕೀಲರಿಂದಲೇ ಕೇಳಿಸಿ. ಹೊಸ ಕಂಪನಿಯ ಹಿನ್ನೆಲೆ ತಪಾಸಣೆ ಮುಗಿಯುವವರೆಗೆ ರಾಜೀನಾಮೆ ಕೊಡಬೇಡಿ. ಎಚ್-1ಬಿ ವೀಸಾ ಮೇಲಿದ್ದರೆ, ಹೊಸ ಕಂಪನಿ ಹಾಕಿದ ಅರ್ಜಿಯ ರಸೀದಿ ಬರುವವರೆಗೂ ಬೇಡ.

ವಕೀಲರ ಹತ್ತಿರ ಮಾತಾಡುವಾಗ ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಫೋನ್ ಸ್ಪೀಕರ್‌ಗೆ ಹಾಕಿ. ಡೆಪಾಸಿಟ್ ಪ್ರಶ್ನೆಯನ್ನು ಅವರೇ ಕೇಳಲಿ. ಉತ್ತರ ವಕೀಲರ ಬಾಯಿಂದ ಬಂದರೆ ಅವರ ಎದೆ ಸ್ವಲ್ಪ ಹಗುರಾಗುತ್ತದೆ. ಇಷ್ಟು ದಿನ ನಿಮ್ಮ ಮೇಲೆ ಸಿಟ್ಟಾಗಿ ಬರುತ್ತಿದ್ದದ್ದು ಆ ಹೆದರಿಕೆಯೇ ಅಲ್ವಾ?